ಬ್ಲಾಕ್ ಇಲ್ಲ ಅಂದಮೇಲೂ ಕೇಳಬೇಕಾದ ಪ್ರಶ್ನೆ: ಹೃದಯದ ಗೋಡೆ ಎಷ್ಟು ದಪ್ಪ ಇದೆ?

ನಮ್ಮ ಹಳ್ಳಿಗಳಲ್ಲಿ ಯಾರಿಗಾದರೂ ಎದೆನೋವು ಅಂದರೆ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಒಂದೇ. ಬ್ಲಾಕ್ ಇದೆಯಾ? ಇದೆ ಅಂದರೆ ಸ್ಟೆಂಟ್, ಸಾಲ, ಓಡಾಟ. ಇಲ್ಲ ಅಂದರೆ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಗ್ಯಾಸ್ಟ್ರಿಕ್ ಇರಬೇಕು ಅಂತ ತಾವೇ ತೀರ್ಮಾನ ಮಾಡಿ, ರಿಪೋರ್ಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿ ಇಡುತ್ತಾರೆ. ಮಾರನೇ ದಿನದಿಂದ ಹೊಲ, ಕೂಲಿ, ಆಟೋ ಎಲ್ಲ ಮಾಮೂಲು.

ಈ ನಿಟ್ಟುಸಿರು ಎಲ್ಲರ ವಿಷಯದಲ್ಲೂ ಸರಿಯಲ್ಲ ಅಂತ ಹೇಳಲು ಈ ಲೇಖನ ಬರೆಯುತ್ತಿದ್ದೇವೆ. ತೋಟಕ್ಕೆ ನೀರು ಸರಿಯಾಗಿ ಹಾಯುತ್ತಿಲ್ಲ ಅಂದರೆ ರೈತ ಪೈಪ್ ಮಾತ್ರ ನೋಡಿ ಸುಮ್ಮನಾಗುವುದಿಲ್ಲ, ಮೋಟರನ್ನೂ ನೋಡುತ್ತಾನೆ. ಹೃದಯದ ವಿಷಯದಲ್ಲಿ ಮಾತ್ರ ನಾವು ಪೈಪ್ ನೋಡಿ ಮನೆಗೆ ಬರುತ್ತೇವೆ. ಬ್ಲಾಕ್ ಅನ್ನುವುದು ರಕ್ತನಾಳದ ರೋಗ, ಅಂದರೆ ಪೈಪಿನ ರೋಗ. ಮೋಟರಿನದ್ದೇ ಇನ್ನೊಂದು ರೋಗವಿದೆ. ಹೃದಯದ ಸ್ನಾಯು ಕಾರಣವಿಲ್ಲದೆ ದಪ್ಪವಾಗುತ್ತಾ ಹೋಗುವ ರೋಗ ಅದು. ಡಾಕ್ಟರ ಚೀಟಿಯಲ್ಲಿ ಅದರ ಹೆಸರು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಚಿಕ್ಕದಾಗಿ ಎಚ್‌ಸಿಎಂ.

ಇದು ಎಂಥ ರೋಗ?

ಹೃದಯದ ಎಡಭಾಗದ ಕೆಳಗಿನ ಕೋಣೆಯೇ ಇಡೀ ಮೈಗೆ ರಕ್ತ ತಳ್ಳುವುದು. ಅದರ ಗೋಡೆ ಸಾಮಾನ್ಯವಾಗಿ ಸುಮಾರು 1 ಸೆಂಟಿಮೀಟರ್ ದಪ್ಪ ಇರುತ್ತದೆ. ದೊಡ್ಡವರಲ್ಲಿ ಅದು 15 ಮಿ.ಮೀ. ಅಥವಾ ಇನ್ನೂ ಹೆಚ್ಚಾಗಿದ್ದು, ಅದಕ್ಕೆ ಬಿಪಿ, ಕವಾಟದ ತೊಂದರೆ ಇಂಥ ಬೇರೆ ಕಾರಣ ಸಿಗದಿದ್ದರೆ ಎಚ್‌ಸಿಎಂ ಅನ್ನುತ್ತಾರೆ. ಮನೆಯಲ್ಲಿ ಈಗಾಗಲೇ ಯಾರಿಗಾದರೂ ಈ ರೋಗ ಇದ್ದರೆ 13 ಮಿ.ಮೀ. ಇದ್ದರೂ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಹೊರಗಿನಿಂದ ಮನೆ ಅಷ್ಟೇ ಇದ್ದು, ಒಳಗಡೆಗೆ ಗೋಡೆ ದಪ್ಪ ಮಾಡುತ್ತಾ ಹೋದರೆ ಕೋಣೆ ಚಿಕ್ಕದಾಗುತ್ತದಲ್ಲ, ಇಲ್ಲೂ ಹಾಗೇ. ಒಳಗೆ ತುಂಬುವ ರಕ್ತ ಕಡಿಮೆಯಾಗುತ್ತದೆ. ಕೆಲವರಲ್ಲಿ ದಪ್ಪಗಾದ ಗೋಡೆ ರಕ್ತ ಹೊರಹೋಗುವ ದಾರಿಗೇ ಅಡ್ಡ ಬರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಕೆಲಸ ಮಾಡುವಾಗ ಎದೆ ಹಿಡಿದುಕೊಳ್ಳುವುದು, ಎದೆ ಡವಡವ ಅನ್ನುವುದು, ಕಣ್ಣು ಕತ್ತಲೆ ಬಂದು ಬೀಳುವುದು ಇದರ ಲಕ್ಷಣಗಳು. ಎಷ್ಟೋ ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಹೃದಯದ ಬಡಿತದ ಲಯ ಇದ್ದಕ್ಕಿದ್ದಂತೆ ತಪ್ಪಿ, ಪ್ರಾಣ ಹೋಗುವುದೇ ಕೆಲವರಲ್ಲಿ ಮೊದಲ ಲಕ್ಷಣ.

ಲಂಡನ್ನಿನ ರೋಗಶಾಸ್ತ್ರಜ್ಞ ಡೊನಾಲ್ಡ್ ಟಿಯರ್ 1958ರಲ್ಲಿ ಇದರ ಬಗ್ಗೆ ಬರೆದಾಗ ಹೆಚ್ಚಾಗಿ ಹಠಾತ್ತಾಗಿ ಸತ್ತ ಹರೆಯದವರ ಹೃದಯ ನೋಡಿಯೇ ಬರೆದದ್ದು. ಫುಟ್‌ಬಾಲ್ ನೋಡುವವರಿಗೆ ಕ್ಯಾಮರೂನ್‌ನ ಮಾರ್ಕ್ ವಿವಿಯನ್ ಫೋ ನೆನಪಿರಬಹುದು. 2003ರ ಜೂನ್ 26ರಂದು ಫ್ರಾನ್ಸಿನ ಲಿಯಾನ್‌ನಲ್ಲಿ ಕೊಲಂಬಿಯಾ ವಿರುದ್ಧದ ಪಂದ್ಯದ ಮಧ್ಯೆ ಯಾರೂ ಮುಟ್ಟದೆ ಕುಸಿದು ಬಿದ್ದರು. ವಯಸ್ಸು 28. ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕಿದ್ದು ಇದೇ ರೋಗ.

ಅಪರೂಪದ ರೋಗ, ನಮಗೇಕೆ ಅನ್ನಬೇಡಿ. ದೊಡ್ಡವರಲ್ಲಿ ಸುಮಾರು 500 ಜನಕ್ಕೆ ಒಬ್ಬರಲ್ಲಿ ಇದು ಇರುತ್ತದೆ ಅನ್ನುವುದು ವೈದ್ಯರು ಬಹುಕಾಲದಿಂದ ಒಪ್ಪಿರುವ ಅಂದಾಜು. ಐದು ಸಾವಿರ ಜನಸಂಖ್ಯೆಯ ಗ್ರಾಮ ಪಂಚಾಯಿತಿ ಅಂದರೆ ಸರಿಸುಮಾರು ಹತ್ತು ಜನ. ಇದಲ್ಲದೆ ಹೃದಯ ಸ್ನಾಯುವಿನ ಒಂದು ವಂಶವಾಹಿಯಲ್ಲಿ, ಎಂವೈಬಿಪಿಸಿ3 ಅನ್ನುವುದರಲ್ಲಿ, ಒಂದು ತುಣುಕು ಇಲ್ಲದಿರುವುದು ಭಾರತೀಯರಲ್ಲಿ 100ಕ್ಕೆ ಸುಮಾರು 4 ಜನರಲ್ಲಿ ಕಾಣುತ್ತದೆ ಅಂತ 2009ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದು ಇರುವವರಿಗೆಲ್ಲ ರೋಗ ಬರುತ್ತದೆ ಅಂತಲ್ಲ. ಆದರೆ ಹೃದಯ ಸ್ನಾಯುವಿನ ರೋಗ ನಮ್ಮ ಮಣ್ಣಿಗೆ ಹೊರಗಿನದ್ದು ಅಂತ ಹೇಳುವ ಹಾಗಿಲ್ಲ.

ಸಾವಿನ ಸುದ್ದಿಯಲ್ಲಿ ಒಂದೇ ಪದ

ಜಿಲ್ಲಾ ಪುಟಗಳಲ್ಲಿ 'ಹೃದಯಾಘಾತದಿಂದ ಯುವಕ ಸಾವು' ಅನ್ನುವ ಒಂದು ಕಾಲಂ ಸುದ್ದಿ ವಾರಕ್ಕೊಂದಾದರೂ ಇರುತ್ತದೆ. ಮನೆಯವರು ಹಾಗೆ ಹೇಳುತ್ತಾರೆ, ಪೊಲೀಸರು ಹಾಗೇ ಬರೆದುಕೊಳ್ಳುತ್ತಾರೆ, ಪತ್ರಿಕೆಯಲ್ಲಿ ಹಾಗೇ ಬರುತ್ತದೆ. ಹೃದಯಾಘಾತ ಅಂದರೆ ರಕ್ತನಾಳ ಕಟ್ಟಿಕೊಂಡು ಸ್ನಾಯುವಿಗೆ ಪೆಟ್ಟಾಗುವುದು. ಹೃದಯ ಸ್ತಂಭನ ಅಂದರೆ ಹೃದಯ ನಿಂತೇ ಹೋಗುವುದು. ಹೃದಯ ನಿಲ್ಲಲು ಹೃದಯಾಘಾತ ಒಂದು ಕಾರಣ, ದಪ್ಪ ಸ್ನಾಯು ಇನ್ನೊಂದು.

2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಸಾಲುಸಾಲಾಗಿ ಹಠಾತ್ ಸಾವಿನ ಸುದ್ದಿ ಬಂದಾಗ ರಾಜ್ಯವೇ ಹೆದರಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಸಾವುಗಳು ಅಸಹಜವಾಗಿ ಏರಿಲ್ಲ ಅಂತ ಸಮಿತಿ ವರದಿ ಕೊಟ್ಟಿತು. ಆಸ್ಪತ್ರೆ ಹೊರಗೆ ಆಗುವ ಹಠಾತ್ ಸಾವುಗಳನ್ನು ದಾಖಲಿಸಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಅಂತ ಸರ್ಕಾರ ಹೇಳಿತು. ಅದು ಒಳ್ಳೆಯ ಮಾತು. ಯಾಕೆಂದರೆ ಹೂತ ಮೇಲೆ, ಸುಟ್ಟ ಮೇಲೆ ಪೈಪಿನ ರೋಗವೋ ಮೋಟರಿನ ರೋಗವೋ ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಹೋದವರು ಬರುವುದಿಲ್ಲ, ನಿಜ. ಆದರೆ ಎಚ್‌ಸಿಎಂ ಬಹಳಷ್ಟು ಸಲ ರಕ್ತಸಂಬಂಧದಲ್ಲಿ ಹರಿದು ಬರುವ ರೋಗ. ಆ ವಂಶವಾಹಿ ದೋಷ ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಅಣ್ಣನ ಸಾವಿನ ಕಾರಣ ಗೊತ್ತಾದರೆ ತಮ್ಮನನ್ನು ಉಳಿಸಿಕೊಳ್ಳಬಹುದು.

ಸಿಟಿ ಎಲ್ಲಿ ಉಪಯೋಗಕ್ಕೆ ಬರುತ್ತದೆ

ಈ ರೋಗ ಪತ್ತೆಗೆ ಮೊದಲ ಮೆಟ್ಟಿಲು ಇಸಿಜಿ ಮತ್ತು ಎಕೋ. ಇದರಲ್ಲಿ ಯಾವ ಗೊಂದಲವೂ ಬೇಡ. ಎಕೋದಲ್ಲಿ ವಿಕಿರಣ ಇಲ್ಲ, ಸೂಜಿ ಇಲ್ಲ, ಖರ್ಚೂ ಕಡಿಮೆ. ರಕ್ತ ಹೊರಹೋಗುವ ದಾರಿಯಲ್ಲಿ ಅಡ್ಡಿ ಎಷ್ಟಿದೆ ಅನ್ನುವುದನ್ನು ಅದು ಅಳೆಯುತ್ತದೆ. ಎರಡನೇ ಮೆಟ್ಟಿಲು ಹೃದಯದ ಎಂಆರ್‌ಐ. ಸ್ನಾಯುವಿನ ಒಳಗೆ ಗಾಯದ ಕಲೆ ಎಷ್ಟಿದೆ ಅನ್ನುವುದನ್ನು ಅದರಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ.

ಆದರೆ ಎಕೋಗೂ ಮಿತಿ ಇದೆ. ದಪ್ಪ ಮೈಯವರಲ್ಲಿ, ಬೀಡಿ ಸೇದಿ ಶ್ವಾಸಕೋಶ ಊದಿದವರಲ್ಲಿ ಚಿತ್ರ ಮಸುಕಾಗುತ್ತದೆ. ಹೃದಯದ ತುದಿಯಲ್ಲಿ ಮಾತ್ರ ಸ್ನಾಯು ದಪ್ಪವಾಗುವ ಬಗೆಯೊಂದಿದೆ, ಜಪಾನಿನ ವೈದ್ಯರು 1970ರ ದಶಕದಲ್ಲಿ ಗುರುತಿಸಿದ್ದು. ಅದು ಎಕೋದ ಕಣ್ಣು ತಪ್ಪಿಸಿಕೊಳ್ಳುವುದುಂಟು. ಇಸಿಜಿಯಲ್ಲಿ ಮಾತ್ರ ಗೆರೆಗಳು ಆಳವಾಗಿ ತಲೆಕೆಳಗಾಗಿ, ಹೃದಯಾಘಾತವೇ ಆಗಿದೆಯೇನೋ ಅನ್ನಿಸುತ್ತದೆ. ಎಂಆರ್‌ಐಗೂ ಮಿತಿ ಇದೆ. ಯಂತ್ರ ಇದ್ದ ಕಡೆಯೆಲ್ಲ ಹೃದಯದ ಎಂಆರ್‌ಐ ಮಾಡುವುದಿಲ್ಲ, ಅದಕ್ಕೆ ಪಳಗಿದ ಕೈ ಬೇಕು. ಅರ್ಧ ಗಂಟೆಗೂ ಹೆಚ್ಚು ಹೊತ್ತು ಸುರಂಗದಂಥ ಜಾಗದಲ್ಲಿ ಮಲಗಿ, ಹೇಳಿದಾಗಲೆಲ್ಲ ಉಸಿರು ಬಿಗಿ ಹಿಡಿಯಬೇಕು. ಹಳೆಯ ಪೇಸ್‌ಮೇಕರ್ ಇದ್ದವರಿಗೆ ಹಲವು ಸಲ ಆಗುವುದೇ ಇಲ್ಲ.

ಇಲ್ಲಿ ಸಿಟಿ ಸ್ಕ್ಯಾನ್ ಉಪಯೋಗಕ್ಕೆ ಬರುತ್ತದೆ. ಇಸಿಜಿ ಜೊತೆ ಹೊಂದಿಸಿ, ಕೈಗೆ ಅಯೋಡಿನ್ ಇರುವ ಔಷಧಿ ಚುಚ್ಚಿ, ಹೃದಯ ಅರಳಿದ ಕ್ಷಣ ಹಿಡಿದು ಚಿತ್ರ ತೆಗೆಯುತ್ತಾರೆ. ಚಿತ್ರ ತೆಗೆಯುವುದು ಕೆಲವೇ ಸೆಕೆಂಡು. ಗೋಡೆ ಎಲ್ಲಿ ಎಷ್ಟು ಮಿ.ಮೀ. ದಪ್ಪ, ತುದಿಯಲ್ಲಿ ದಪ್ಪವಿದೆಯಾ, ತುದಿ ಬಲೂನಿನ ಹಾಗೆ ಉಬ್ಬಿದೆಯಾ, ಅಲ್ಲಿ ರಕ್ತ ಹೆಪ್ಪುಗಟ್ಟಿದೆಯಾ, ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ರಕ್ತನಾಳದಲ್ಲಿ ಬ್ಲಾಕ್ ಇದೆಯಾ ಅನ್ನುವುದೂ ಅದೇ ಚಿತ್ರದಲ್ಲಿ ಇರುತ್ತದೆ. ಎಕೋ ಸಾಲದೆ, ಎಂಆರ್‌ಐ ಸಿಗದೆ ಇದ್ದಾಗ ಸಿಟಿ ಬಳಸಬಹುದು ಅಂತ 2020ರ ಅಮೆರಿಕದ ಹೃದ್ರೋಗ ಸಂಘಗಳ ಮಾರ್ಗಸೂಚಿ ಹೇಳುತ್ತದೆ. 2014ರ ಯೂರೋಪಿನ ಮಾರ್ಗಸೂಚಿಯೂ ಹೆಚ್ಚುಕಡಿಮೆ ಇದೇ ಮಾತು ಹೇಳಿತ್ತು.

ನಮ್ಮ ಮುಖ್ಯ ತಕರಾರು

ನಮ್ಮ ಊರುಗಳಿಂದ ಪಟ್ಟಣದ ಸೆಂಟರುಗಳಿಗೆ ಹೋಗಿ ಹೃದಯದ ಸಿಟಿ ಮಾಡಿಸಿಕೊಂಡು ಬರುವವರು ಈಗ ಕಡಿಮೆ ಏನಿಲ್ಲ. ಅದನ್ನು ಸಿಟಿ ಆಂಜಿಯೋ ಅನ್ನುತ್ತಾರೆ. ಜನ ದುಡ್ಡು ಕೊಡುವುದು ಬ್ಲಾಕ್ ನೋಡಲಿಕ್ಕೆ. ರಿಪೋರ್ಟಿನಲ್ಲೂ ಒಂದೊಂದು ರಕ್ತನಾಳದ ಹೆಸರು, ಅದರ ಮುಂದೆ ಎಷ್ಟು ಪರ್ಸೆಂಟ್ ಬ್ಲಾಕ್ ಅನ್ನುವ ಲೆಕ್ಕ. ಸ್ನಾಯುವಿನ ದಪ್ಪದ ಬಗ್ಗೆ ಒಂದು ಸಾಲೂ ಇಲ್ಲದ ರಿಪೋರ್ಟುಗಳು ನಮ್ಮ ಕೈಗೆ ಬಂದಿವೆ. ಅದೇ ದುಡ್ಡು, ಅದೇ ವಿಕಿರಣ, ಅದೇ ಚಿತ್ರ. ಗೋಡೆ ಕಣ್ಣೆದುರೇ ಇದೆ. ಅಳೆದು ಬರೆಯಲು ಇನ್ನು ಕೆಲವು ನಿಮಿಷ ಸಾಕು.

ಒಂದು ಉದಾಹರಣೆ ಇಟ್ಟುಕೊಳ್ಳಿ. ಮೂವತ್ತೈದರ ಒಬ್ಬ ಲಾರಿ ಡ್ರೈವರ್. ಮೂಟೆ ಎತ್ತುವಾಗ ಎದೆ ಹಿಡಿಯುತ್ತದೆ, ಒಂದು ಸಲ ಕಣ್ಣು ಕತ್ತಲೆ ಬಂದಿದೆ. ಸಿಟಿಯಲ್ಲಿ ಬ್ಲಾಕ್ ಇಲ್ಲ. ನಾರ್ಮಲ್ ಅನ್ನುವ ಪದ ಓದಿ ಅವನು ಮತ್ತೆ ಸ್ಟೀರಿಂಗ್ ಹಿಡಿಯುತ್ತಾನೆ. ಗೋಡೆ 22 ಮಿ.ಮೀ. ಅಂತ ಅದೇ ರಿಪೋರ್ಟಿನಲ್ಲಿ ಬರೆದಿದ್ದರೆ ಅವನ ದಾರಿಯೇ ಬೇರೆ ಆಗುತ್ತಿತ್ತು. ಎಕೋಗೆ ಹೋಗುತ್ತಿದ್ದ, ಬೀಟಾ ಬ್ಲಾಕರ್ ಮಾತ್ರೆ ಸಿಗುತ್ತಿತ್ತು, ಅಪಾಯ ಎಷ್ಟು ಅಂತ ವೈದ್ಯರು ಲೆಕ್ಕ ಹಾಕುತ್ತಿದ್ದರು. ಗೋಡೆ 30 ಮಿ.ಮೀ. ಮುಟ್ಟಿದ್ದರೆ, ಕಾರಣವಿಲ್ಲದೆ ಎಚ್ಚರ ತಪ್ಪಿದ್ದರೆ, ಮನೆಯಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿದ್ದರೆ, ಹೃದಯದ ತುದಿ ಉಬ್ಬಿದ್ದರೆ ಎದೆಯಲ್ಲಿ ಐಸಿಡಿ ಅನ್ನುವ ಸಾಧನ ಇಡುವ ಮಾತು ಬರುತ್ತದೆ. ಲಯ ತಪ್ಪಿದ ಹೃದಯಕ್ಕೆ ಒಳಗಿನಿಂದಲೇ ಶಾಕ್ ಕೊಟ್ಟು ಎಬ್ಬಿಸುವ ಸಾಧನ ಅದು. ಅಡ್ಡಿ ಜಾಸ್ತಿ ಇದ್ದರೆ ದಪ್ಪಗಾದ ಭಾಗವನ್ನು ಆಪರೇಷನ್ ಮಾಡಿ ಕೊರೆದು ತೆಗೆಯುವುದೂ ಇದೆ, ರಕ್ತನಾಳದ ಮೂಲಕ ಆಲ್ಕೋಹಾಲ್ ಬಿಟ್ಟು ಆ ಭಾಗ ಕುಗ್ಗಿಸುವುದೂ ಇದೆ. ಅಂದರೆ ಇದು ಗೊತ್ತಾದರೂ ಏನೂ ಮಾಡಲಾಗದ ರೋಗ ಅಲ್ಲ.

ಆದ್ದರಿಂದ ನಮ್ಮ ಬೇಡಿಕೆ ಚಿಕ್ಕದು. ಹೃದಯದ ಪ್ರತಿ ಸಿಟಿ ರಿಪೋರ್ಟಿನಲ್ಲೂ ಗೋಡೆಯ ಅತಿ ಹೆಚ್ಚು ದಪ್ಪ ಎಷ್ಟು ಮಿ.ಮೀ., ಯಾವ ಜಾಗದಲ್ಲಿ ಅನ್ನುವ ಒಂದು ಸಾಲು ಇರಲೇಬೇಕು. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ಇಲಾಖೆ ಒಂದು ನಮೂನೆ ಕೊಟ್ಟು ಇದನ್ನು ಶುರು ಮಾಡಬಹುದು. ಖಾಸಗಿಯವರನ್ನು ರೋಗಿಯೇ ಕೇಳಬೇಕು. ದುಡ್ಡು ಕೊಟ್ಟ ಮೇಲೆ ಕೇಳಲು ಸಂಕೋಚ ಯಾಕೆ?

ಹಾಗಂತ ಎಲ್ಲರೂ ಸಿಟಿಗೆ ಓಡಬೇಡಿ

ಈ ಲೇಖನ ಓದಿ ನಾಳೆಯೇ ಎಲ್ಲರೂ ಸಿಟಿ ಮಾಡಿಸಿಕೊಳ್ಳಿ ಅಂತ ವಾಟ್ಸಾಪಿನಲ್ಲಿ ಹಂಚಿದರೆ ನಮ್ಮ ಮಾತೇ ಕೆಟ್ಟುಹೋಗುತ್ತದೆ. ಸಿಟಿ ಅಂದರೆ ಎಕ್ಸ್‌ರೇ ಕಿರಣ. ಒಂದು ಎದೆ ಎಕ್ಸ್‌ರೇಗಿಂತ ಎಷ್ಟೋ ಪಟ್ಟು ಹೆಚ್ಚು ವಿಕಿರಣ ಮೈಗೆ ಬೀಳುತ್ತದೆ. ಹೊಸ ಯಂತ್ರಗಳಲ್ಲಿ ಅದು ಬಹಳ ಇಳಿದಿದೆ, ಆದರೆ ಸೊನ್ನೆ ಆಗಿಲ್ಲ. ಅಯೋಡಿನ್ ಔಷಧಿ ಕಿಡ್ನಿ ದುರ್ಬಲ ಇದ್ದವರಿಗೆ ತೊಂದರೆ ಕೊಡಬಹುದು, ಕೆಲವರಿಗೆ ಅಲರ್ಜಿ ಆಗುತ್ತದೆ. ಹಬ್ಬದ ಆಫರ್ ಅಂತ ಪ್ಯಾಕೇಜಿನಲ್ಲಿ ಸಿಟಿ ಮಾಡುವುದನ್ನು ನಾವು ಒಪ್ಪುವುದಿಲ್ಲ. ಮಕ್ಕಳ ತಪಾಸಣೆಗಂತೂ ಸಿಟಿ ಮೊದಲ ದಾರಿ ಅಲ್ಲವೇ ಅಲ್ಲ.

ಸಿಟಿ ಎಲ್ಲವನ್ನೂ ಹೇಳುವುದೂ ಇಲ್ಲ. ದಪ್ಪ ಎಷ್ಟು ಅಂತ ಹೇಳುತ್ತದೆ, ಯಾಕೆ ದಪ್ಪವಾಯಿತು ಅಂತ ಅದೊಂದೇ ಹೇಳಲಾರದು. ವರ್ಷಗಟ್ಟಲೆ ಬಿಪಿ ಮಾತ್ರೆ ನುಂಗದೆ ಬಿಟ್ಟವರ ಗೋಡೆಯೂ ದಪ್ಪವಾಗಿರುತ್ತದೆ. ಅದನ್ನು ಬೇರ್ಪಡಿಸಲು ವೈದ್ಯರೇ ಬೇಕು, ಮನೆತನದ ಕಥೆ ಬೇಕು. ರಕ್ತದ ವೇಗ, ಅಡ್ಡಿಯ ಅಳತೆಗೆ ಎಕೋ ಬೇಕೇ ಬೇಕು. ಗಾಯದ ಕಲೆ ನೋಡಲು ಎಂಆರ್‌ಐ ಮೇಲು. ಎಂಆರ್‌ಐ ಸಿಗುತ್ತದೆ, ಮಾಡಿಸಿಕೊಳ್ಳಲು ಅಡ್ಡಿ ಇಲ್ಲ ಅಂದರೆ ಅದನ್ನೇ ಮಾಡಿಸಿ.

ನಾಲಿಗೆ ಕೆಳಗಿನ ಮಾತ್ರೆ

ಒಂದು ಎಚ್ಚರಿಕೆಯನ್ನು ಮಾತ್ರ ದಯವಿಟ್ಟು ನೆನಪಿಡಿ. ಸಿಟಿ ಆಂಜಿಯೋ ಮಾಡುವ ಮೊದಲು ರಕ್ತನಾಳ ಹಿಗ್ಗಿ ಚೆನ್ನಾಗಿ ಕಾಣಲಿ ಅಂತ ನಾಲಿಗೆ ಕೆಳಗೆ ನೈಟ್ರೋಗ್ಲಿಸರಿನ್ ಕೊಡುವ ರೂಢಿ ಇದೆ. ಸಾಮಾನ್ಯ ರೋಗಿಗಳಿಗೆ ಅದರಿಂದ ತೊಂದರೆ ಇಲ್ಲ. ಆದರೆ ಸ್ನಾಯು ದಪ್ಪವಾಗಿ ರಕ್ತದ ದಾರಿಗೆ ಅಡ್ಡಿ ಇರುವವರಲ್ಲಿ ಅದು ಅಡ್ಡಿಯನ್ನು ಇನ್ನೂ ಹೆಚ್ಚಿಸಿ, ಬಿಪಿ ಕುಸಿಯುವಂತೆ ಮಾಡಬಹುದು. ಎಕೋದಲ್ಲಿ ಗೋಡೆ ದಪ್ಪ ಅಂತ ಮೊದಲೇ ಬಂದಿದ್ದರೆ, ಮನೆಯಲ್ಲಿ ಎಚ್‌ಸಿಎಂ ಇದ್ದರೆ ಸ್ಕ್ಯಾನ್ ಟೇಬಲ್ ಮೇಲೆ ಮಲಗುವ ಮೊದಲೇ ಹೇಳಿ. ಎಕೋ ರಿಪೋರ್ಟ್ ಜೊತೆಯಲ್ಲೇ ತೆಗೆದುಕೊಂಡು ಹೋಗಿ. ಸ್ಕ್ಯಾನಿಗೆ ಮುಂಚೆ ಊಟ ಬಿಡಬೇಕು ಅಂದರೆ ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದು ಅಂತ ಕೇಳಿಕೊಳ್ಳಿ. ಈ ರೋಗ ಇದ್ದವರ ಮೈಯಲ್ಲಿ ನೀರು ಕಡಿಮೆ ಆಗಬಾರದು. ಕ್ರಿಯಾಟಿನಿನ್ ರಿಪೋರ್ಟ್ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಹೇಳಿ. ಗರ್ಭಿಣಿಯರು ಮೊದಲೇ ತಿಳಿಸಿ.

ಇದೇ ಮಾತು ಮನೆಗೂ ಅನ್ವಯಿಸುತ್ತದೆ. ಎದೆನೋವು ಬಂದರೆ ತಕ್ಷಣ ಸಾರ್ಬಿಟ್ರೇಟ್ ನಾಲಿಗೆ ಕೆಳಗೆ ಇಡಿ ಅನ್ನುವ ಫಾರ್ವರ್ಡ್ ಮೆಸೇಜ್ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಎಷ್ಟೋ ಮನೆಗಳಲ್ಲಿ ಆ ಮಾತ್ರೆ ದೇವರ ಫೋಟೋ ಹಿಂದೆ ಇಟ್ಟಿರುತ್ತಾರೆ. ಅದೂ ಇದೇ ಜಾತಿಯ ಔಷಧಿ. ಅಡ್ಡಿ ಇರುವ ಎಚ್‌ಸಿಎಂ ರೋಗಿಗೆ ಅದು ಕೆಡುಕು ಮಾಡಬಹುದು. ವೈದ್ಯರು ನಿಮಗೇ ಅಂತ ಬರೆದುಕೊಟ್ಟಿದ್ದರೆ ಸರಿ, ಪಕ್ಕದ ಮನೆಯವರಿಗೆ ಬರೆದದ್ದನ್ನು ನೀವು ಬಳಸಬೇಡಿ. ಎದೆನೋವು ಬಂದರೆ 108ಕ್ಕೆ ಕರೆ ಮಾಡಿ.

ಸರ್ಕಾರದಿಂದ ಏನು ಬೇಕು

ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳುವ ವ್ಯವಸ್ಥೆ ಇದೆ. ರೋಗಿ ಓಡಾಡುವ ಬದಲು ಇಸಿಜಿಯೇ ತಜ್ಞರ ಹತ್ತಿರ ಹೋಗುತ್ತದೆ. ಇದೇ ದಾರಿಯನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು ಅನ್ನುವುದು ನಮ್ಮ ಅಭಿಪ್ರಾಯ. ಅನೇಕ ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಟಿ ಯಂತ್ರ ಇದೆ. ತಲೆಗೆ ಪೆಟ್ಟು ಬಿದ್ದವರನ್ನು, ಪಾರ್ಶ್ವವಾಯು ಆದವರನ್ನು ಅದರಲ್ಲಿ ನೋಡುತ್ತಾರೆ. ಹೃದಯ ನೋಡಲು 64 ಸ್ಲೈಸ್ ಅಥವಾ ಅದಕ್ಕೂ ಮೇಲಿನ ಯಂತ್ರ, ಇಸಿಜಿ ಜೋಡಣೆ, ತರಬೇತಾದ ಟೆಕ್ನಿಷಿಯನ್ ಬೇಕು. ಇವು ಇರುವ ಕಡೆ ಹೃದ್ರೋಗ ತಜ್ಞರು ಬರೆದುಕೊಟ್ಟ ರೋಗಿಗೆ ಜಿಲ್ಲೆಯಲ್ಲೇ ಸ್ಕ್ಯಾನ್ ಆಗಲಿ. ಚಿತ್ರಗಳನ್ನು ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವದಂಥ ಕಡೆ ಕೂತು ಓದಲಿ. ಎರಡು ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ ಬರುವವರ ಊಟ ಇವೆಲ್ಲ ಉಳಿಯುತ್ತವೆ. ಈ ಖರ್ಚಿಗೆ ಹೆದರಿಯೇ ಎರಡನೇ ತಪಾಸಣೆಗೆ ಹೋಗದವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ.

ಅದಕ್ಕಿಂತ ಮುಂಚೆ ತಾಲ್ಲೂಕು ಮಟ್ಟದಲ್ಲಿ ಎಕೋ ಸಿಗಬೇಕು. ಎಕೋ ಇಲ್ಲದ ಕಡೆ ಸಿಟಿ ಬಗ್ಗೆ ಮಾತಾಡುವುದು ಅಡಿಪಾಯ ಇಲ್ಲದೆ ಮಾಳಿಗೆ ಕಟ್ಟಿದ ಹಾಗೆ.

ಮನೆಯವರು ಮಾಡಬಹುದಾದ್ದು

ಒಬ್ಬರಿಗೆ ಎಚ್‌ಸಿಎಂ ಅಂತ ಗೊತ್ತಾದರೆ ಅವರ ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು ಎಲ್ಲರಿಗೂ ಇಸಿಜಿ, ಎಕೋ ಆಗಬೇಕು. ಒಂದು ಸಲ ಸರಿ ಇದ್ದರೆ ಮುಗಿಯಿತು ಅಂತಲ್ಲ, ಈ ರೋಗ ತಡವಾಗಿಯೂ ಕಾಣಿಸಿಕೊಳ್ಳುತ್ತದೆ. ಮಕ್ಕಳಿಗೆ ಒಂದೆರಡು ವರ್ಷಕ್ಕೊಮ್ಮೆ, ದೊಡ್ಡವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ ನೋಡಿಸಬೇಕು ಅನ್ನುತ್ತದೆ ಮಾರ್ಗಸೂಚಿ.

ಹೆಣ್ಣು ಕೊಡುವವರು, ತರುವವರು ಏನಂದುಕೊಳ್ಳುತ್ತಾರೋ ಅಂತ ಮನೆತನದ ಹಠಾತ್ ಸಾವುಗಳನ್ನು ಮುಚ್ಚಿಡುವುದು ನಮಗೆ ಗೊತ್ತಿರುವ ವಿಷಯವೇ. ಚಿಕ್ಕಪ್ಪ ಮೂವತ್ತಕ್ಕೇ ಹೋದ, ಅತ್ತೆಯ ಮಗ ಆಟ ಆಡುತ್ತಾ ಬಿದ್ದ ಅನ್ನುವುದನ್ನು ದೇವರ ಸಿಟ್ಟು, ಗಾಳಿ ಸೋಕು ಅಂತ ಹೇಳಿ ಮುಗಿಸುತ್ತೇವೆ. ನೆಂಟರ ಮುಂದೆ ಹೇಳದಿದ್ದರೂ ಪರವಾಗಿಲ್ಲ, ಡಾಕ್ಟರ ಮುಂದೆ ಹೇಳಿ. ಆ ಒಂದು ಮಾತಿನಿಂದ ಅವರು ಇಸಿಜಿಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ನಿಮ್ಮ ಮನೆಯ ಬೀರುವಿನಲ್ಲಿ ಹಳೆಯ ಎಕೋ ಅಥವಾ ಹೃದಯದ ಸಿಟಿ ರಿಪೋರ್ಟ್ ಇದ್ದರೆ ಇವತ್ತು ಸಂಜೆ ತೆಗೆದು ನೋಡಿ. ಗೋಡೆಯ ದಪ್ಪದ ಸಾಲು ಇದೆಯಾ? ಎಕೋದಲ್ಲಿ ಐವಿಎಸ್, ಪಿಡಬ್ಲ್ಯೂ ಅನ್ನುವ ಅಕ್ಷರಗಳ ಮುಂದಿನ ಅಂಕಿ ಅದೇ. ಅದು ಸೆಂಟಿಮೀಟರಿನಲ್ಲಿದೆಯೋ ಮಿ.ಮೀ.ನಲ್ಲಿದೆಯೋ ನೋಡಿಕೊಳ್ಳಿ, 1.5 ಸೆಂ.ಮೀ. ಅಂದರೆ 15 ಮಿ.ಮೀ. ಹೆಚ್ಚಿದ್ದರೆ ಹೆದರಬೇಡಿ, ಎತ್ತಿಕೊಂಡು ವೈದ್ಯರ ಹತ್ತಿರ ಹೋಗಿ. ಸಿಟಿ ರಿಪೋರ್ಟಿನಲ್ಲಿ ಆ ಸಾಲೇ ಇಲ್ಲದಿದ್ದರೆ ಸ್ಕ್ಯಾನಿನ ಸಿಡಿ ತೆಗೆದುಕೊಂಡು ಹೋಗಿ, ಗೋಡೆ ಅಳೆದು ಹೇಳಿ ಸಾರ್ ಅಂತ ಕೇಳಿ. ಒಬ್ಬರು ಕೇಳಿದರೆ ಅಪರೂಪ ಅನ್ನಿಸುತ್ತದೆ. ಊರಿಗೆ ಹತ್ತು ಜನ ಕೇಳತೊಡಗಿದರೆ ಕೇಳುವ ಮೊದಲೇ ಬರೆದುಕೊಡುವ ರೂಢಿ ಬರುತ್ತದೆ.